ಮಗಳ ಪಕ್ಕ ಕುಳಿತು ಧಾರಾವಾಹಿ ನೋಡುವಾಗ

ರಾತ್ರಿಯ ಅಡುಗೆ ಮುಗಿದಿದೆ. ಇಶಾ ನಮಾಝ್ ಆಗಿದೆ. ದಿನವಿಡೀ ನಿಂತು ದಣಿದ ಕಾಲುಗಳನ್ನು ಚಾಚಿ ನೀವು ಟೀವಿಯ ಮುಂದೆ ಕುಳಿತಿದ್ದೀರಿ. ಪಕ್ಕದಲ್ಲಿ 11 ವರ್ಷದ ಮಗಳು ಹೋಮ್‌ವರ್ಕ್ ಪುಸ್ತಕ ಹಿಡಿದಿದ್ದಾಳೆ. ಕಣ್ಣು ಪುಸ್ತಕದ ಮೇಲೆ, ಕಿವಿ ಟೀವಿಯ ಕಡೆಗೆ. ಪರದೆಯ ಮೇಲೆ ಅತ್ತೆಯೊಬ್ಬಳು ಸೊಸೆಯ ಹಾಲಿನ ಲೋಟಕ್ಕೆ ಏನನ್ನೋ ಬೆರೆಸುತ್ತಿದ್ದಾಳೆ. "ಇದೆಲ್ಲ ನೀನು ನೋಡುವಂಥದ್ದಲ್ಲ, ಒಳಗೆ ಹೋಗಿ ಓದು" ಎನ್ನುತ್ತೀರಿ. ಮಗಳು ಏಳುವುದಿಲ್ಲ. "ನೀವು ನೋಡ್ತಾ ಇದ್ದೀರಲ್ಲ ಉಮ್ಮಾ" ಎನ್ನುತ್ತಾಳೆ.

ಸಹೋದರಿಯರೇ, ಈ ಮಾತಿಗೆ ನಿಮ್ಮಲ್ಲಿ ಉತ್ತರವಿದೆಯೇ? ಮಕ್ಕಳಿಗೆ ಪಾಠ ಹೇಳುವುದೇ ವೃತ್ತಿಯಾದ ನನ್ನಲ್ಲೂ ಇರಲಿಲ್ಲ.

ಕೆಲವು ಮನೆಗಳಲ್ಲಿ ಟೀವಿಯೇ ಇಲ್ಲ. ಬೇಡವೆಂದು ನಿರ್ಧರಿಸಿ ಹಾಗೆಯೇ ನಡೆದುಕೊಳ್ಳುವ ಹೆತ್ತವರ ಬಗ್ಗೆ ನನಗೆ ಗೌರವವಿದೆ. ಆದರೆ ಟೀವಿ ಇಲ್ಲದ ಮನೆಗೂ ಮೊಬೈಲ್ ಬಂದಿದೆ. ಮಾವನ ಮನೆಯಲ್ಲಿ, ನೆರೆಮನೆಯಲ್ಲಿ, ಮದುವೆ ಮನೆಯ ಮೂಲೆಯಲ್ಲಿ ನಮ್ಮ ಮಕ್ಕಳು ಕಥೆಗಳನ್ನು ನೋಡಿಯೇ ನೋಡುತ್ತಾರೆ. ಆದ್ದರಿಂದ ಅವರು ನೋಡುತ್ತಾರೋ ಇಲ್ಲವೋ ಎನ್ನುವುದಕ್ಕಿಂತ ಯಾರ ಪಕ್ಕ ಕುಳಿತು ನೋಡುತ್ತಾರೆ ಎಂಬುದೇ ಇಂದು ದೊಡ್ಡ ಪ್ರಶ್ನೆಯಾಗಿದೆ.

ನಾನು ಹೇಳಿದ ಒಂದು ಸುಳ್ಳು

2014ರ ಮಾತು. ಆ ವರ್ಷ ಜೂನ್‌ನಲ್ಲಿ ಝೀ ಸಂಸ್ಥೆಯವರು 'ಝಿಂದಗಿ' ಎಂಬ ಹೊಸ ಚಾನೆಲ್ ಆರಂಭಿಸಿ ಪಾಕಿಸ್ತಾನದ ಉರ್ದು ಧಾರಾವಾಹಿಗಳನ್ನು ತೋರಿಸತೊಡಗಿದರು. ಅವುಗಳಲ್ಲಿ 'ಝಿಂದಗಿ ಗುಲ್ಝಾರ್ ಹೈ' ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಅಚ್ಚುಮೆಚ್ಚಾಯಿತು. ಉಮೇರಾ ಅಹ್ಮದ್ ಬರೆದ, ಸುಲ್ತಾನಾ ಸಿದ್ದೀಕಿ ನಿರ್ದೇಶಿಸಿದ ಈ ಕಥೆ ಕೇವಲ 26 ಕಂತುಗಳದ್ದು. (2016ರ ಸೆಪ್ಟೆಂಬರ್‌ನಲ್ಲಿ ಆ ಚಾನೆಲ್ ಪಾಕಿಸ್ತಾನಿ ಧಾರಾವಾಹಿಗಳನ್ನು ನಿಲ್ಲಿಸಿತು.)

ಆಗ ನಾನು ಹೆರಿಗೆ ರಜೆಯಲ್ಲಿದ್ದೆ. ತೊಟ್ಟಿಲಲ್ಲಿ ಎರಡನೆಯ ಮಗಳಿದ್ದಳು. ಹಿರಿಯವಳಿಗೆ 11 ವರ್ಷ. ಪತಿ ಗಲ್ಫ್‌ನಲ್ಲಿದ್ದರು. ನಮ್ಮ ಮನೆಮಾತು ಬ್ಯಾರಿ. ಮದ್ರಸದಲ್ಲಿ ಓದಿದ ನನಗೆ ಉರ್ದು ಬರುತ್ತಿತ್ತು, ಮಗಳಿಗೆ ಬರುತ್ತಿರಲಿಲ್ಲ. ಹೀಗಾಗಿ ರಾತ್ರಿ ಧಾರಾವಾಹಿ ನಡೆಯುತ್ತಿರುವಾಗ ನಾನು ಮಾತು ಮಾತನ್ನೂ ಅವಳಿಗೆ ಅರ್ಥ ಹೇಳುತ್ತಿದ್ದೆ. ಮಗುವಿಗೆ ಹಾಲು ಕುಡಿಸುತ್ತಾ, ಮೆಲುದನಿಯಲ್ಲಿ ಕಥೆ ಹೇಳುತ್ತಾ ಕಳೆದ ಆ ರಾತ್ರಿಗಳು ಈಗಲೂ ನೆನಪಿನಲ್ಲಿ ಹಿತವಾಗಿವೆ.

ಕಥೆಯ ನಾಯಕಿ ಕಶಫ್ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು. ತಾಯಿ ರಫಿಯಾ ಶಿಕ್ಷಕಿ. ಗಂಡುಮಗು ಹುಟ್ಟಲಿಲ್ಲವೆಂದು ತಂದೆ ಮುರ್ತಝಾ ಇನ್ನೊಂದು ಮದುವೆಯಾಗಿ ಬೇರೆ ಮನೆ ಮಾಡಿದ್ದಾನೆ. ರಫಿಯಾ ದುಡಿದು ಮೂವರನ್ನೂ ಓದಿಸುತ್ತಾಳೆ.

ಮೊದಲ ಕಂತಿನಲ್ಲೇ ಮಗಳು ಕೇಳಿದಳು: "ಇವರ ಬಾಪ ಎಲ್ಲಿ?"

ನನ್ನ ತೊಡೆಯ ಮೇಲೆ ಎರಡನೆಯ ಹೆಣ್ಣುಮಗುವಿತ್ತು. ಬಾಣಂತನಕ್ಕೆ ಬಂದು ಹೋಗುವವರ ಬಾಯಲ್ಲಿ "ಇದೂ ಹೆಣ್ಣಾ?" ಎಂಬ ಮಾತನ್ನು ನಾನೂ ಕೇಳಿದ್ದೆ, ನನ್ನ ಮಗಳೂ ಕೇಳಿದ್ದಳು. ಸತ್ಯ ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಅವರಿಗೆ ದೂರದಲ್ಲಿ ಕೆಲಸ" ಎಂದುಬಿಟ್ಟೆ.

ಕೆಲವು ಕಂತುಗಳಾಗುವಷ್ಟರಲ್ಲಿ ನನ್ನ ಸುಳ್ಳು ಬಯಲಾಯಿತು. ಭಾಷೆ ತಿಳಿಯದಿದ್ದರೂ ಮಕ್ಕಳಿಗೆ ಮುಖ ಓದಲು ಬರುತ್ತದೆ. ಅದೇ ಊರಿನಲ್ಲಿ ಆ ತಂದೆಗೆ ಇನ್ನೊಬ್ಬ ಹೆಂಡತಿ ಇದ್ದಾಳೆ, ಒಬ್ಬ ಮಗನಿದ್ದಾನೆ ಎಂಬುದು ಅವಳಿಗೆ ಅರ್ಥವಾಯಿತು. ಆ ರಾತ್ರಿ ಏನೂ ಕೇಳಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮಲಗುವಾಗ ಗೋಡೆಯ ಕಡೆ ತಿರುಗಿ ಕೇಳಿದಳು: "ಉಮ್ಮಾ, ನಮ್ಮ ಬಾಪನಿಗೂ ದೂರದಲ್ಲಿ ಕೆಲಸ ಅಂತ ಹೇಳ್ತೀರಲ್ಲ, ಅದೂ ಹೀಗೆಯಾ?"

ನನ್ನ ಎದೆ ಧಸಕ್ಕೆಂದಿತು. ಮಗುವಿನ ಮನಸ್ಸು ನೋಯಬಾರದೆಂದು ನಾನು ಹೇಳಿದ ಒಂದು ಮಾತು ಅವಳ ಮನಸ್ಸಿನಲ್ಲಿ ಎಷ್ಟು ದೊಡ್ಡ ಹುಣ್ಣಾಗಿತ್ತು! ಆ ಹೊತ್ತಿನಲ್ಲೇ ಪತಿಗೆ ಫೋನ್ ಮಾಡಿದೆ. ಅವರು ಮಗಳೊಂದಿಗೆ ತುಂಬ ಹೊತ್ತು ಮಾತನಾಡಿದರು. ಅವಳು ನಕ್ಕ ಮೇಲೆ ನಾನು ಅತ್ತೆ. ಬಳಿಕ ಅವಳನ್ನು ಎಬ್ಬಿಸಿ ಕೂರಿಸಿಕೊಂಡು ಇಡೀ ಸತ್ಯ ಹೇಳಿದೆ. ಅಂತಹ ತಂದೆಯರು ಇದ್ದಾರೆ ಎಂದೂ ಹೇಳಿದೆ, ಅದು ಅನ್ಯಾಯ ಎಂದೂ ಹೇಳಿದೆ. ಹೆಣ್ಣುಮಗು ಹುಟ್ಟಿತೆಂದು ಮುಖ ಕಪ್ಪಿಡುವುದನ್ನು ಕುರ್‌ಆನ್ ಖಂಡಿಸಿದೆಯಲ್ಲ, ಅದನ್ನೂ ತಿಳಿಸಿದೆ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದೆ.

"ನಾಳೆಯಿಂದ ಸರಿಯಾಗಿ ಅರ್ಥ ಹೇಳಿ" ಎಂದಳು. ಅಷ್ಟೇ.

ಕಥೆಯಲ್ಲಿ ಕೆಟ್ಟದ್ದು ಇರಬಾರದೇ?

ಮಕ್ಕಳೊಂದಿಗೆ ಧಾರಾವಾಹಿ ನೋಡುವ ತಾಯಿ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾಳೆ. ಒಂದೋ ರಿಮೋಟ್ ಒತ್ತಿ ಚಾನೆಲ್ ಬದಲಿಸುತ್ತಾಳೆ, ಇಲ್ಲವೇ "ಛೆ, ಎಂತಹ ಹೆಂಗಸು!" ಎಂದು ಬೈಯುತ್ತಾ ಕೊನೆಯವರೆಗೂ ನೋಡುತ್ತಾಳೆ. ಮೊದಲನೆಯದರಿಂದ ಮಗು ಕದ್ದು ನೋಡುವುದನ್ನು ಕಲಿಯುತ್ತದೆ. ಎರಡನೆಯದರಿಂದ, ಬಾಯಲ್ಲಿ ಬೈದರೆ ಸಾಕು, ನೋಡಲು ಅಡ್ಡಿಯಿಲ್ಲ ಎಂಬ ಪಾಠ ಕಲಿಯುತ್ತದೆ.

ಹಾಗಾದರೆ ಕಥೆಯನ್ನು ಅಳೆಯುವುದು ಹೇಗೆ? ಈ ಬಗ್ಗೆ ಯೋಚಿಸುವಾಗ ನನಗೆ ನೆನಪಾಗುವುದು ಸೂರಃ ಯೂಸುಫ್. 111 ಸೂಕ್ತಗಳ ಆ ಅಧ್ಯಾಯದಲ್ಲಿ ಅಣ್ಣಂದಿರ ಹೊಟ್ಟೆಕಿಚ್ಚಿದೆ, ಬಾವಿಗೆ ತಳ್ಳಿದ ಕ್ರೌರ್ಯವಿದೆ, ತಂದೆಗೆ ಹೇಳಿದ ಸುಳ್ಳಿದೆ, ಪರಪುರುಷನನ್ನು ಬಯಸಿದ ಹೆಣ್ಣಿದ್ದಾಳೆ, ಸುಳ್ಳು ಆರೋಪವಿದೆ, ನಿರಪರಾಧಿಯ ಸೆರೆವಾಸವಿದೆ. ಒಂದು ಧಾರಾವಾಹಿಯಲ್ಲಿ ಇರುವುದೆಲ್ಲವೂ ಅಲ್ಲಿದೆ! ಆದರೂ ಅತ್ಯುತ್ತಮ ಕಥೆಯೆಂದು ಅದನ್ನು ಕರೆಯಲಾಗಿದೆ. ಏಕೆಂದರೆ ಕೇಳುವವರ ಮನಸ್ಸು ಒಂದು ಕ್ಷಣವೂ ಬಾವಿಗೆ ತಳ್ಳಿದವರ ಕಡೆಗೆ ವಾಲುವುದಿಲ್ಲ. ಕೊನೆಯಲ್ಲಿ ತಪ್ಪು ಮಾಡಿದವರ ಬಗ್ಗೆಯೂ ದ್ವೇಷ ಉಳಿಯುವುದಿಲ್ಲ, ಕ್ಷಮೆ ಉಳಿಯುತ್ತದೆ.

ಹಾಗಾಗಿ ಒಂದು ಧಾರಾವಾಹಿಯಲ್ಲಿ ಕೆಟ್ಟದ್ದು ಇದೆಯೇ ಎಂದು ಮಾತ್ರ ಕೇಳಿದರೆ ಸಾಲದು. ಆ ಕೆಟ್ಟದ್ದನ್ನು ನಾವು ಯಾರ ಕಡೆಯಲ್ಲಿ ನಿಂತು ನೋಡುವಂತೆ ಅದು ಮಾಡುತ್ತದೆ ಎಂದು ಕೇಳಬೇಕು. ಏಟು ತಿಂದವಳ ಕಡೆಯಲ್ಲೋ, ಹೊಡೆದವನ ಕಡೆಯಲ್ಲೋ? ಹೆಂಡತಿಗೆ ಕೈ ಎತ್ತಿದ ಗಂಡನ ಹಿಂದೆ ಇಂಪಾದ ಸಂಗೀತ ಕೇಳಿಬಂದರೆ ಮಗುವಿನ ಮನಸ್ಸಿಗೆ ಏನು ತಲುಪುತ್ತದೆ? ಈ ಪ್ರಶ್ನೆಯನ್ನು 11 ವರ್ಷದ ಮಗು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತದೆ. ಅನೇಕ ಬಾರಿ ನಮಗಿಂತ ಮೊದಲೇ.

ಎರಡು ಡೈರಿಗಳು

'ಝಿಂದಗಿ ಗುಲ್ಝಾರ್ ಹೈ' ಧಾರಾವಾಹಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಡೈರಿಗಳು. ಕಶಫ್ ತನ್ನ ಡೈರಿ ಬರೆಯುತ್ತಾಳೆ. ಶ್ರೀಮಂತ ಮನೆಯ ಝಾರೂನ್ ತನ್ನ ಡೈರಿ ಬರೆಯುತ್ತಾನೆ. ಒಂದೇ ಘಟನೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆಯುತ್ತಾರೆ. ನಾನು ಮಗಳಿಗೆ ಹೇಳಿದೆ: "ನೋಡು, ಶಾಲೆಯಲ್ಲಿ ನೀನೂ ನಿನ್ನ ಗೆಳತಿಯೂ ಜಗಳವಾಡಿದರೆ ಇಬ್ಬರೂ ಮನೆಯಲ್ಲಿ ಬೇರೆ ಬೇರೆ ಕಥೆ ಹೇಳುತ್ತೀರಲ್ಲ, ಇದೂ ಹಾಗೆಯೇ." ಅಂದಿನಿಂದ ಅದು ನಮ್ಮಿಬ್ಬರ ಆಟವಾಯಿತು. ಕಂತು ಮುಗಿದ ಮೇಲೆ ಡೈರಿ ಇಲ್ಲದವರ ಡೈರಿಯನ್ನು ನಾವು ಹೇಳಬೇಕು. ರಫಿಯಾ ಇವತ್ತು ಏನು ಬರೆಯುತ್ತಿದ್ದಳು? ಝಾರೂನ್‌ನ ಸಹೋದರಿ ಸಾರಾ ಏನು ಬರೆಯುತ್ತಿದ್ದಳು?

ಈ ಆಟದಲ್ಲೇ ಒಂದು ದಿನ ಮಗಳು ಧಾರಾವಾಹಿಯ ದೊಡ್ಡ ಲೋಪವನ್ನು ಹಿಡಿದಳು. ಝಾರೂನ್‌ನ ತಾಯಿ ಗಝಾಲಾ ಹೊರಗೆ ದುಡಿಯುವ ಮಹಿಳೆ. ಅವಳಿಂದಾಗಿ ಮನೆ ಹಾಳಾಯಿತು, ಮಗಳು ಸಾರಾಳ ದಾಂಪತ್ಯ ಮುರಿಯಿತು ಎಂಬಂತೆ ಕಥೆ ಸಾಗುತ್ತದೆ. ಆದರೆ ರಫಿಯಾ ಕೂಡ ಹೊರಗೆ ದುಡಿಯುವವಳೇ! ಅವಳನ್ನು ಕಥೆ ತಲೆಯ ಮೇಲಿಟ್ಟು ಮೆರೆಸುತ್ತದೆ. ತಾನು ಗೆಳತಿಯರೊಂದಿಗೆ ಸಲೀಸಾಗಿ ಓಡಾಡುವ ಝಾರೂನ್, ನಿಶ್ಚಯವಾದ ಹುಡುಗಿ ಅಸ್ಮಾರಾಳ ಉಡುಪು, ಓಡಾಟಗಳ ಬಗ್ಗೆ ತಕರಾರು ಮಾಡುತ್ತಾನೆ. ಅವನ ಓಡಾಟದ ಲೆಕ್ಕವನ್ನು ಯಾರೂ ಅಷ್ಟು ಬಿಗಿಯಾಗಿ ಕೇಳುವುದಿಲ್ಲ.

"ಕಶಫ್‌ಳ ಉಮ್ಮ ಕೆಲಸಕ್ಕೆ ಹೋದರೆ ಒಳ್ಳೆಯವರು. ಝಾರೂನ್‌ನ ಉಮ್ಮ ಹೋದರೆ ಕೆಟ್ಟವರು. ನೀವು ಯಾರ ಹಾಗೆ?" ಎಂದು ಮಗಳು ಕೇಳಿದಳು.

ರಜೆ ಮುಗಿಸಿ ಎರಡು ವಾರದಲ್ಲಿ ನಾನು ಶಾಲೆಗೆ ಮರಳಬೇಕಾಗಿತ್ತು. ತೊಟ್ಟಿಲಿನ ಮಗುವನ್ನು ಅತ್ತೆಯ ಕೈಗೊಪ್ಪಿಸಿ ಹೋಗುವ ಸಂಕಟ ಆಗಲೇ ಕಾಡುತ್ತಿತ್ತು. "ನಿನಗೆ ಏನನ್ನಿಸುತ್ತದೆ?" ಎಂದು ಅವಳನ್ನೇ ಕೇಳಿದೆ. ಯೋಚಿಸಿ ಹೇಳಿದಳು: "ರಫಿಯಾ ಮನೆಗೆ ಬಂದ ಮೇಲೆ ಮಕ್ಕಳ ಹತ್ತಿರ ಮಾತಾಡ್ತಾರೆ. ಗಝಾಲಾ ಮಾತಾಡಲ್ಲ. ಕೆಲಸಕ್ಕೆ ಹೋದದ್ದು ತಪ್ಪಲ್ಲ." ಸ್ವಲ್ಪ ತಡೆದು ಇನ್ನೂ ಒಂದು ಸೇರಿಸಿದಳು: "ಝಾರೂನ್‌ನ ಬಾಪ ಕೂಡ ಮಾತಾಡಬಹುದಿತ್ತಲ್ಲ?"

ಧಾರಾವಾಹಿ ಕೇಳದ ಪ್ರಶ್ನೆಯನ್ನು ಮಗು ಕೇಳಿತು. ಹಾಗೆಂದು ಆ ಧಾರಾವಾಹಿ ನಮಗೆ ಬೇಡವಾಯಿತೇ? ಇಲ್ಲ. ಕಶಫ್ ಓದಿ ಅಧಿಕಾರಿಯಾದಾಗ ಇಬ್ಬರೂ ಕುಣಿದಾಡಿದೆವು. ಒಂದು ಕಥೆಯನ್ನು ಪ್ರೀತಿಸುತ್ತಲೇ "ಇಲ್ಲಿ ನೀನು ತಪ್ಪಿದೆ" ಎಂದು ಹೇಳಬಹುದು. ನಮ್ಮ ಮಕ್ಕಳನ್ನು, ಒಡಹುಟ್ಟಿದವರನ್ನು ನಾವು ಹಾಗೆಯೇ ಅಲ್ಲವೇ ಪ್ರೀತಿಸುವುದು?

ನಗುವುದೂ ಒಂದು ತೀರ್ಪು

ದಿನನಿತ್ಯದ ಧಾರಾವಾಹಿಗಳ ವಿಷಯ ಬೇರೆ. 2000ದಲ್ಲಿ ಆರಂಭವಾದ ಹಿಂದಿಯ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' 2008ರವರೆಗೆ 1,800ಕ್ಕೂ ಹೆಚ್ಚು ಕಂತುಗಳಲ್ಲಿ ಸಾಗಿತು. 26 ಕಂತುಗಳಲ್ಲಿ ಮುಗಿಯುವ ಕಥೆಗೆ ಒಂದು ಗುರಿ ಇರುತ್ತದೆ. ತಪ್ಪು ಮಾಡಿದವರು ಅದರ ಫಲ ಉಣ್ಣುವುದನ್ನು ಮಗು ನೋಡುತ್ತದೆ. ವರ್ಷಗಟ್ಟಲೆ ಎಳೆಯುವ ಕಥೆಯಲ್ಲಿ ಸಂಚು ಮುಗಿಯುವಂತೆಯೇ ಇಲ್ಲ. ಸಂಚು ಮುಗಿದರೆ ಧಾರಾವಾಹಿಯೇ ಮುಗಿಯುತ್ತದೆಯಲ್ಲ! ಆದ್ದರಿಂದ ಒಳ್ಳೆಯವಳು ಅಳುತ್ತಲೇ ಇರಬೇಕು, ಕೆಟ್ಟವಳು ಗೆಲ್ಲುತ್ತಲೇ ಇರಬೇಕು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಆ ಕಥೆಗಳ ಹಿಡಿತ ಅರ್ಧ ಸಡಿಲವಾಗುತ್ತದೆ.

ಉಳಿದರ್ಧಕ್ಕೆ ನಗು ಸಾಕು. ರೇಷ್ಮೆ ಸೀರೆ, ಕೊರಳ ತುಂಬ ಚಿನ್ನ ಹಾಕಿಕೊಂಡು ಮಲಗುವ ಸೊಸೆ. ಒಂದು ಮಾತಿಗೆ ಮೂರು ಸಲ ಗುಡುಗು, ಮೂರು ಸಲ ಅದೇ ಮುಖ. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುವ ನಾದಿನಿ. ನನ್ನ ಕಿರಿಯವಳು ಅಡುಗೆಮನೆಯಲ್ಲಿ ದುಪಟ್ಟಾ ಹಾರಿಸಿ ಮೂರು ಸಲ ತಿರುಗಿ "ಚಹಾದಲ್ಲಿ ಸಕ್ಕರೆ ಇಲ್ಲ!" ಎಂದಾಗ ನನ್ನ ಅತ್ತೆ ಕೂಡ ಬಿದ್ದು ಬಿದ್ದು ನಗುತ್ತಾರೆ. ನಗಲು ಕಲಿತ ಮಗುವನ್ನು ಅಂತಹ ಕಥೆ ಸುಲಭದಲ್ಲಿ ಮರುಳು ಮಾಡಲಾರದು.

ಸಕ್ಕರೆಯ ತುಂಡು

ಅಂದು ತೊಟ್ಟಿಲಲ್ಲಿದ್ದ ಆ ಕಿರಿಯವಳಿಗೆ ಈಗ 11 ವರ್ಷ. ಕಳೆದ ರಜೆಯಲ್ಲಿ ಅವಳೊಂದಿಗೆ ಇರಾನಿನ 'ಚಿಲ್ಡ್ರನ್ ಆಫ್ ಹೆವನ್' ಸಿನಿಮಾ ನೋಡಿದೆ. ಮಜೀದ್ ಮಜೀದಿ ನಿರ್ದೇಶಿಸಿದ 1997ರ ಚಿತ್ರವದು. ಅಲಿ ಎಂಬ ಹುಡುಗ ತಂಗಿ ಝಹ್ರಾಳ ಶೂಗಳನ್ನು ಕಳೆದುಹಾಕುತ್ತಾನೆ. ಹೊಸದು ಕೊಳ್ಳಲು ಮನೆಯಲ್ಲಿ ಹಣವಿಲ್ಲ. ಅಲಿಯ ಒಂದೇ ಜೊತೆ ಶೂಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಬೆಳಗ್ಗೆ ತಂಗಿ ಹಾಕಿಕೊಂಡು ಹೋಗಿ ಓಡೋಡಿ ಬರಬೇಕು, ಮತ್ತೆ ಅಣ್ಣ ಅದನ್ನೇ ಹಾಕಿಕೊಂಡು ಓಡಬೇಕು.

ಅದರಲ್ಲೊಂದು ದೃಶ್ಯವಿದೆ. ತಂದೆ ಮನೆಯಲ್ಲಿ ಕುಳಿತು ಮಸೀದಿಗಾಗಿ ಸಕ್ಕರೆಯ ಗಟ್ಟಿಗಳನ್ನು ಒಡೆದು ತುಂಡು ಮಾಡುತ್ತಿದ್ದಾರೆ. ಚಹಾ ಬರುತ್ತದೆ, ಚಹಾಕ್ಕೆ ಸಕ್ಕರೆ ಕೇಳುತ್ತಾರೆ. ಎದುರಿಗೇ ಇಷ್ಟೊಂದು ಸಕ್ಕರೆ ಇದೆಯಲ್ಲ ಎಂದು ಮಗಳಿಗೆ ಆಶ್ಚರ್ಯ. ಅದು ಮಸೀದಿಯದು, ನಮ್ಮದಲ್ಲ ಎಂಬುದು ತಂದೆಯ ನಿಲುವು. ಅಷ್ಟಕ್ಕೇ ದೃಶ್ಯ ಮುಗಿಯುತ್ತದೆ. ಉಪದೇಶವಿಲ್ಲ, ಗುಡುಗಿಲ್ಲ. ಅಮಾನತ್ ಎಂದರೇನೆಂದು ನಾನು ತರಗತಿಯಲ್ಲಿ ವರ್ಷ ವರ್ಷವೂ ಪಾಠ ಮಾಡಿದ್ದೇನೆ. ಆ ಒಂದು ಸಕ್ಕರೆಯ ತುಂಡಿನಷ್ಟು ಚೆನ್ನಾಗಿ ನಾನು ಹೇಳಿಲ್ಲ. ಮಗಳು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಸುಮ್ಮನಿರಬೇಕಾದ ಕಡೆ ಸುಮ್ಮನಿರುವುದೂ ತಾಯಿಯ ಕೆಲಸವೇ. ಎಲ್ಲದಕ್ಕೂ ಪಾಠ ಹೇಳಹೊರಟರೆ ಮಗು ನಮ್ಮ ಪಕ್ಕದಿಂದ ಎದ್ದು ಹೋಗುತ್ತದೆ.

ದೊಡ್ಡವರ ಸಿನಿಮಾಗಳಿಗೆ ಅವಸರ ಬೇಡ. ವೈದೇಹಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ 2008ರಲ್ಲಿ ತೆರೆಗೆ ತಂದ 'ಗುಲಾಬಿ ಟಾಕೀಸ್' ನಮ್ಮ ಕರಾವಳಿಯದೇ ಕಥೆ. ಹೆರಿಗೆ ಮಾಡಿಸುವ ಮುಸ್ಲಿಮ್ ಮಹಿಳೆ ಗುಲಾಬಿಯ ಗುಡಿಸಲಿಗೆ ಟೀವಿ ಬರುತ್ತದೆ, ಊರ ಹೆಂಗಸರು ಅಲ್ಲಿ ಸೇರುತ್ತಾರೆ, ಆದರೆ ಊರಿಗೆ ದ್ವೇಷದ ಗಾಳಿ ಬೀಸಿದಾಗ ಅವಳು ಒಂಟಿಯಾಗುತ್ತಾಳೆ. ಆ ಪಾತ್ರಕ್ಕೆ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು. ಅದನ್ನು ಹಿರಿಯವಳು ಹದಿನಾರು ತುಂಬಿದ ಮೇಲೆ ನೋಡಿದಳು. ಕಿರಿಯವಳಿಗೆ ಇನ್ನೂ ತೋರಿಸಿಲ್ಲ. ಕಥೆ ಒಳ್ಳೆಯದಾದರೆ ಸಾಲದು, ವಯಸ್ಸೂ ಬರಬೇಕು.

ಮನೆಯಲ್ಲಿ ನಾವು ಮಾಡಬಹುದಾದದ್ದು

ಮೊದಲನೆಯದಾಗಿ ವಯಸ್ಸಿನ ಗುರುತು ನೋಡಿ. 2021ರ ನಿಯಮಗಳ ಪ್ರಕಾರ ಇಂಟರ್‌ನೆಟ್ ಮೂಲಕ ಧಾರಾವಾಹಿ, ಸಿನಿಮಾ ತೋರಿಸುವ ಸಂಸ್ಥೆಗಳು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಗುರುತುಗಳನ್ನು ಹಾಕಬೇಕು. 13+ ಮತ್ತು ಅದಕ್ಕೂ ಮೇಲಿನವಕ್ಕೆ ಹೆತ್ತವರು ಬೀಗ ಹಾಕುವ ಅನುಕೂಲವನ್ನೂ ಕೊಡಬೇಕು. ಆದರೆ ಮೊಬೈಲಿನಲ್ಲಿ ತುಂಡು ತುಂಡಾಗಿ ಹರಿದಾಡುವ ದೃಶ್ಯಗಳ ಮೇಲೆ ಸಾಮಾನ್ಯವಾಗಿ ಇಂತಹ ಗುರುತು ಇರುವುದಿಲ್ಲ. ಕಥೆಯ ಹಿಂದುಮುಂದಿಲ್ಲದ ಆ ತುಂಡುಗಳೇ ಹೆಚ್ಚು ಅಪಾಯಕಾರಿ.

ಒಂದು ಕಾಲಕ್ಕೆ ಒಂದೇ ಧಾರಾವಾಹಿ ಸಾಕು. ಸಾಧ್ಯವಾದರೆ ಮುಗಿಯುವ ಕಥೆಯನ್ನೇ ಆರಿಸಿ. ನಮಾಝ್‌ನ ಹೊತ್ತು, ಊಟದ ಹೊತ್ತು ಕಥೆಗೆ ಬಲಿಯಾಗದಿರಲಿ. ಕಥೆ ನಡೆಯುವಾಗ ನಡುನಡುವೆ ಉಪದೇಶ ಮಾಡಬೇಡಿ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ, ಒಂದೇ ಪ್ರಶ್ನೆ. ಮಗುವಿನ ಉತ್ತರ ನಿಮಗಿಂತ ಭಿನ್ನವಾಗಿದ್ದರೆ ಗದರಬೇಡಿ, "ಯಾಕೆ ಹಾಗೆನ್ನಿಸಿತು?" ಎಂದು ಕೇಳಿ.

ಇಷ್ಟವಾದದ್ದನ್ನು ಇಷ್ಟವಾಯಿತೆಂದೇ ಹೇಳಿ. ಕಣ್ಣೀರು ಒರೆಸಿಕೊಂಡು "ಎಂತಹ ಕೆಟ್ಟ ಧಾರಾವಾಹಿ" ಎಂದರೆ ಮಗು ನಂಬುವುದಿಲ್ಲ. ಅಶ್ಲೀಲವೋ ವಿಪರೀತ ಹಿಂಸೆಯೋ ಬಂದರೆ ಹಿಂಜರಿಯದೆ ನಿಲ್ಲಿಸಿ. ಆದರೆ "ಇದು ನನಗೂ ಹಿಡಿಸಲಿಲ್ಲ" ಎಂದು ನೀವೂ ಎದ್ದುಬಿಡಿ. ಮಗುವನ್ನು ಕಳುಹಿಸಿ ನೀವು ಮತ್ತೆ ಹಾಕಿದರೆ ಬಾಗಿಲ ಸಂದಿಯಿಂದ ಅದು ನೋಡುತ್ತಲೇ ಇರುತ್ತದೆ.

ಮನೆಯ ಗಂಡಸರಿಗೂ ಇದರಲ್ಲಿ ಪಾಲಿದೆ. ವಾರ್ತೆ ಮತ್ತು ಕ್ರಿಕೆಟ್ ಮಾತ್ರ ತಮ್ಮದು, ಧಾರಾವಾಹಿ ಹೆಂಗಸರದ್ದು ಎಂದು ದೂರ ಕೂರಬೇಕಾಗಿಲ್ಲ. ನನ್ನ ಪತಿ ಊರಿಗೆ ಮರಳಿದ ಮೇಲೆ ನಮ್ಮೊಂದಿಗೆ ಕೂರುತ್ತಾರೆ. ತಂದೆಯ ಪಾತ್ರ ತೆರೆಯ ಮೇಲೆ ಬಂದಾಗ ಮಕ್ಕಳಿಬ್ಬರೂ ಅವರ ಮುಖ ನೋಡುವುದನ್ನು ನಾನು ಗಮನಿಸಿದ್ದೇನೆ.

ಕೊನೆಗೆ ಮತ್ತೆ ಆ ಇರಾನಿ ಸಿನಿಮಾದ ಮಾತು. ಓಟದ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನವಾಗಿ ಶೂ ಸಿಗುತ್ತದೆಂದು ಅಲಿ ಓಡುತ್ತಾನೆ. ಆದರೆ ಮೊದಲಿಗನಾಗಿ ಬಂದು ಅಳುತ್ತಾನೆ. ತಂದೆ ಹೊಸ ಶೂಗಳನ್ನು ಕೊಂಡು ಸೈಕಲ್‌ನಲ್ಲಿ ತರುತ್ತಿರುವುದು ನಮಗೆ ಗೊತ್ತು, ಆ ಮಕ್ಕಳಿಗೆ ಗೊತ್ತಿಲ್ಲ. ಸಿನಿಮಾ ಅಲ್ಲಿಗೇ ಮುಗಿಯುತ್ತದೆ. ದೀಪ ಆರಿಸುವಾಗ ಕಿರಿಯವಳು, "ಉಮ್ಮಾ, ಅವರ ಬಾಪ ಮನೆಗೆ ಬಂದ ಮೇಲೆ ಏನಾಯ್ತು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹಿರಿಯವಳು ಹೇಳಿದಳು: "ಬಾ, ಅಲಿಯ ಡೈರಿ ಹೇಳೋಣ."

ಇಬ್ಬರೂ ಮಲಗುವ ಕೋಣೆಗೆ ಹೋದರು. ತುಂಬ ಹೊತ್ತು ಅವರ ಮಾತು ಕೇಳುತ್ತಿತ್ತು.

ಸಹೋದರಿಯರೇ, ಮಕ್ಕಳನ್ನು ಎಲ್ಲ ಪರದೆಗಳಿಂದಲೂ ಕಾಯಲು ನಮ್ಮಿಂದ ಸಾಧ್ಯವಾಗದು. ನಾವಿಲ್ಲದ ಕಡೆಯೂ ಅವರು ಕಥೆಗಳನ್ನು ನೋಡಲಿದ್ದಾರೆ. ಅಲ್ಲಿ "ನಾನು ಈಗ ಯಾರ ಕಡೆ ನಿಂತಿದ್ದೇನೆ?" ಎಂಬ ಪ್ರಶ್ನೆ ಅವರ ಜೊತೆಗಿದ್ದರೆ ಸಾಕು. ಆ ಪ್ರಶ್ನೆಯನ್ನು ಕಲಿಸಲು ಇಂದು ರಾತ್ರಿ ಅರ್ಧ ಗಂಟೆ ಮಗಳ ಪಕ್ಕ ಕುಳಿತುಕೊಳ್ಳಿ. ಮತ್ತು ಅವಳು ಏನಾದರೂ ಕೇಳಿದರೆ, ದಯವಿಟ್ಟು ಸತ್ಯವನ್ನೇ ಹೇಳಿ.